ಎಸ್‌ವಿಜಿ ನಕ್ಷೆ ಮತ್ತು ಜಾವಾಸ್ಕ್ರಿಪ್ಟ್: ಒಂದು ಬ್ರೌಸರ್‌ನಲ್ಲಿ ನಡೆಯುವುದು ಇನ್ನೊಂದರಲ್ಲಿ ಏಕೆ ನಡೆಯುವುದಿಲ್ಲ?

ದುರ್ಗದ ಶಿಕ್ಷಕಿ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎಂಟನೆಯ ತರಗತಿಯ ಮಕ್ಕಳಿಗಾಗಿ ನಮ್ಮ ಜಿಲ್ಲೆಯ ನಕ್ಷೆಯ ಒಂದು ವೆಬ್ ಪುಟವನ್ನು ಎರಡು ತಿಂಗಳಿಂದ ಬಿಡುವಿದ್ದಾಗಲೆಲ್ಲ ತಯಾರಿಸುತ್ತಿದ್ದೇನೆ. ಆರು ತಾಲ್ಲೂಕುಗಳಲ್ಲಿ ಯಾವುದರ ಮೇಲೆ ಕ್ಲಿಕ್ಕಿಸಿದರೂ ಅದರ ಬಣ್ಣ ಬದಲಾಗಿ ಪಕ್ಕದಲ್ಲಿ ವಿವರ ಕಾಣಬೇಕು. ಮೊಳಕಾಲ್ಮೂರನ್ನು ಒತ್ತಿದರೆ ರೇಷ್ಮೆ ಸೀರೆ ಮತ್ತು ಬ್ರಹ್ಮಗಿರಿಯ ಅಶೋಕನ ಶಾಸನದ ಮಾತು ಬರಬೇಕು. ಹಿರಿಯೂರನ್ನು ಒತ್ತಿದರೆ ವಾಣಿ ವಿಲಾಸ ಸಾಗರದ ನೀರಿನ ಮಟ್ಟ ತೋರಿಸುವ ಒಂದು ಮಾಪಕ ಬರಬೇಕು. ನಕ್ಷೆಯನ್ನು ನಮ್ಮೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೋರೆಲ್‌ಡ್ರಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆಸಿ ಎಸ್‌ವಿಜಿ ಕಡತವಾಗಿ, ಅಂದರೆ ಆಕಾರಗಳನ್ನು ಪಠ್ಯವಾಗಿ ಬರೆದಿಡುವ ಚಿತ್ರಕಡತವಾಗಿ, ಪಡೆದುಕೊಂಡೆ. ಕ್ಲಿಕ್ಕಿಗೆ ಪುಟ ಸ್ಪಂದಿಸುವಂತೆ ಮಾಡುವ ಜಾವಾಸ್ಕ್ರಿಪ್ಟನ್ನು ನಾನೇ ಕಲಿತು ಬರೆದಿದ್ದೇನೆ.

ತೊಂದರೆಗಳು ಹಲವು ಇವೆ, ಅವುಗಳಲ್ಲಿ ಯಾವುದು ಯಾವುದರಿಂದ ಹುಟ್ಟಿತು ಎಂಬುದೇ ನನಗೆ ಬಿಡಿಸಲಾಗುತ್ತಿಲ್ಲ. ಮೊದಲು ನಕ್ಷೆಯನ್ನು ಇಮೇಜ್ ಟ್ಯಾಗ್‌ನಲ್ಲಿ ಇಟ್ಟಿದ್ದೆ. ಚಿತ್ರ ಕಂಡಿತು, ಆದರೆ ತಾಲ್ಲೂಕುಗಳು ಸ್ಕ್ರಿಪ್ಟಿಗೆ ಸಿಗಲಿಲ್ಲ. ನಂತರ ಆಬ್ಜೆಕ್ಟ್ ಟ್ಯಾಗ್‌ಗೆ ಬದಲಾಯಿಸಿದೆ. ಶಾಲೆಯ ಲ್ಯಾಬ್‌ನಲ್ಲಿರುವ ವಿಂಡೋಸ್ 7 ಯಂತ್ರಗಳ ಹಳೆಯ ಫೈರ್‌ಫಾಕ್ಸ್ 60ರಲ್ಲಿ ಅದು ಸರಿಯಾಗಿ ನಡೆಯಿತು, ನನ್ನ ಹೊಸ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಮಾತ್ರ ಒಳಗಿನ ನಕ್ಷೆಯನ್ನು ಸ್ಕ್ರಿಪ್ಟಿಗೆ ಕೊಡಬೇಕಾದ ಕಂಟೆಂಟ್‌ಡಾಕ್ಯುಮೆಂಟ್ ಶೂನ್ಯ ಎಂದೇ ಬರುತ್ತಿದೆ. ಹಳೆಯದರಲ್ಲಿ ನಡೆದದ್ದು ಹೊಸದರಲ್ಲಿ ಏಕೆ ನಡೆಯುವುದಿಲ್ಲ? ಎರಡೂ ಕಡೆ ಪೆನ್‌ಡ್ರೈವಿನಿಂದ ಕಡತವನ್ನು ಎರಡು ಸಲ ಒತ್ತಿಯೇ ತೆರೆಯುತ್ತೇನೆ. ಲ್ಯಾಬ್‌ಗೆ ಇಂಟರ್‌ನೆಟ್ ಇಲ್ಲ.

ಲ್ಯಾಬ್‌ನ ಕೆಲವು ಯಂತ್ರಗಳಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಮಾತ್ರ ಇದೆ. ಅದಕ್ಕಾಗಿ ಎಸ್‌ವಿಜಿಯನ್ನು ನೇರವಾಗಿ ಪುಟದೊಳಗೇ ಅಂಟಿಸಿ ನೋಡಿದೆ. ಆಗ ಬಣ್ಣ ಬದಲಿಸಲು ಆಕಾರದ ಕ್ಲಾಸ್ ಹೆಸರನ್ನು ಬದಲಿಸುವ ಕ್ಲಾಸ್‌ಲಿಸ್ಟ್ ಇರುವ ಸಾಲಿನಲ್ಲಿ ದೋಷ ಬಂದು ಸ್ಕ್ರಿಪ್ಟ್ ನಿಂತುಬಿಟ್ಟಿತು. ಮಾಪಕದ ಎಸ್‌ವಿಜಿಯನ್ನೂ ಅದೇ ಪುಟಕ್ಕೆ ಸೇರಿಸಿದಾಗ, ನೀಲಿ ಇರಬೇಕಾದ ನೀರು ನಕ್ಷೆಯ ಕಂದು ಬಣ್ಣದಲ್ಲಿ ಕಾಣಿಸಿಕೊಂಡಿತು. ಅದೂ ಸಾಲದೆಂಬಂತೆ ಮಟ್ಟ ಏರಿಸಿದರೆ ನೀರು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ.

ಕೊನೆಯದು ಕನ್ನಡದ್ದು. ಅಂಗಡಿಯವರು ಹೆಸರುಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬರೆದಿದ್ದರಿಂದ ಬ್ರೌಸರ್‌ನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಕಂಡಿತು. ಪರಿವರ್ತಕದಿಂದ ಯೂನಿಕೋಡ್ ಮಾಡಿಸಿ, ಅದೇ ಹೆಸರುಗಳನ್ನು ಸ್ಕ್ರಿಪ್ಟ್ ತಾಲ್ಲೂಕುಗಳನ್ನು ಗುರುತಿಸುವ ಐಡಿ ಎಂದೂ ಇಟ್ಟುಕೊಂಡೆ. ಈಗ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕ್ಲಿಕ್ಕಿಗೆ ಸ್ಪಂದಿಸುತ್ತವೆ. ಹೊಸದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರು ಸ್ಪಂದಿಸುವುದಿಲ್ಲ. ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಿದೆ, ಕಾಗುಣಿತದ ತಪ್ಪು ಎಲ್ಲಿಯೂ ಇಲ್ಲ. ತಾಲ್ಲೂಕನ್ನು ಒತ್ತಿದಾಗ ಅದರ ಹೆಸರು ಅಕ್ಷರ ಅಕ್ಷರವಾಗಿ ಮೂಡಬೇಕೆಂದು ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಅದರಲ್ಲಿ ಒತ್ತಕ್ಷರಗಳು ಒಡೆದು ಚುಕ್ಕೆಗಳ ವೃತ್ತಗಳು ಕಾಣುತ್ತವೆ.

ಮಕ್ಕಳು ಈ ನಕ್ಷೆಗಾಗಿ ಕಾಯುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಬೆಣ್ಣೆನಗರಿ ವೆಬ್, ದಾವಣಗೆರೆ

ಮೇಡಂ, ನಿಮ್ಮ ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಅರ್ಧಕ್ಕಿಂತ ಹೆಚ್ಚಿನವು ಒಂದೇ ಬೇರಿನಿಂದ ಬಂದಿವೆ. ಚಿತ್ರವು ಪುಟದೊಳಗೆ ಯಾವ ಬಾಗಿಲಿನಿಂದ ಬರುತ್ತದೆ ಎಂಬುದೇ ಆ ಬೇರು. ಅದನ್ನು ಮೊದಲು ತೀರ್ಮಾನಿಸಿದರೆ ಉಳಿದವನ್ನು ಒಂದೊಂದಾಗಿ ಸರಿಪಡಿಸಬಹುದು.

ಇಮೇಜ್ ಟ್ಯಾಗ್‌ನಲ್ಲಿ ಇಟ್ಟ ಎಸ್‌ವಿಜಿಯನ್ನು ಬ್ರೌಸರ್ ಕೇವಲ ಚಿತ್ರವೆಂದು ಪರಿಗಣಿಸುತ್ತದೆ. ಅದರೊಳಗಿನ ಸ್ಕ್ರಿಪ್ಟ್ ಓಡುವುದಿಲ್ಲ, ಹೊರಗಿನ ಸ್ಕ್ರಿಪ್ಟಿಗೆ ಒಳಗಿನ ಆಕಾರಗಳು ಸಿಗುವುದಿಲ್ಲ, ಹೊರಗಿನ ಫಾಂಟ್ ಕಡತವನ್ನೂ ಅದು ತರಿಸಿಕೊಳ್ಳುವುದಿಲ್ಲ. ಇದು ಸುರಕ್ಷತೆಗಾಗಿ ಬೇಕೆಂದೇ ಮಾಡಿಟ್ಟ ನಿಯಮ. ಯಾವ ಬ್ರೌಸರ್‌ನಲ್ಲಿಯೂ ಇದಕ್ಕೆ ಸುತ್ತುದಾರಿ ಹುಡುಕುವ ಅಗತ್ಯವಿಲ್ಲ.

ಆಬ್ಜೆಕ್ಟ್ ಅಥವಾ ಐಫ್ರೇಮ್‌ನಲ್ಲಿ ಇಟ್ಟರೆ ಎಸ್‌ವಿಜಿಯು ತನ್ನದೇ ಆದ ಇನ್ನೊಂದು ಡಾಕ್ಯುಮೆಂಟ್ ಆಗುತ್ತದೆ. ಹೊರಗಿನ ಸ್ಕ್ರಿಪ್ಟ್ ಒಳಗೆ ಕೈಹಾಕಬೇಕಾದರೆ ಎರಡೂ ಒಂದೇ ಮೂಲದಿಂದ ಬಂದಿವೆ ಎಂದು ಬ್ರೌಸರ್‌ಗೆ ಖಾತರಿಯಾಗಬೇಕು. ಸರ್ವರ್‌ನಿಂದ ಬಂದ ಕಡತಗಳಿಗೆ ವಿಳಾಸದಿಂದಲೇ ಆ ಖಾತರಿ ಸಿಗುತ್ತದೆ, ಆದರೆ ಪೆನ್‌ಡ್ರೈವಿನಿಂದ ನೇರವಾಗಿ ತೆರೆದ ಕಡತಗಳಿಗೆ ಅಂಥ ವಿಳಾಸವಿಲ್ಲ. ಕ್ರೋಮ್ ಪ್ರತಿಯೊಂದು ಸ್ಥಳೀಯ ಕಡತವನ್ನೂ ಬೇರೆಯದೇ ಮೂಲವೆಂದು ಎಣಿಸುವುದರಿಂದ, ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕದಲ್ಲಿದ್ದರೂ ನಿಮ್ಮ ಪುಟ ಮತ್ತು ನಕ್ಷೆ ಅದರ ಕಣ್ಣಿಗೆ ಪರಸ್ಪರ ಅಪರಿಚಿತರು. ಫೈರ್‌ಫಾಕ್ಸ್ ಮೊದಲು ಒಂದೇ ಫೋಲ್ಡರಿನ ಕಡತಗಳಿಗೆ ಪರಸ್ಪರ ಪ್ರವೇಶ ಕೊಡುತ್ತಿತ್ತು. ಇದರಿಂದ ಡೌನ್‌ಲೋಡ್ ಮಾಡಿಕೊಂಡ ಒಂದು ದುಷ್ಟ ಪುಟವು ಅದೇ ಫೋಲ್ಡರಿನ ಉಳಿದ ಕಡತಗಳನ್ನು ಓದಿಬಿಡುವ ಅಪಾಯವಿದ್ದುದರಿಂದ 2019ರ ಜುಲೈಯಲ್ಲಿ ಬಂದ 68ನೆಯ ಆವೃತ್ತಿಯಿಂದ ಆ ಸಡಿಲಿಕೆಯನ್ನು ತೆಗೆದುಹಾಕಿದರು. ನಿಮ್ಮ ಲ್ಯಾಬ್‌ನ 60ನೆಯ ಆವೃತ್ತಿ ಅದಕ್ಕಿಂತ ಹಿಂದಿನದು. ಅಲ್ಲಿ ನಡೆದು ಇಲ್ಲಿ ನಿಂತದ್ದಕ್ಕೆ ಇದೇ ಕಾರಣ. ನಿಮ್ಮ ಸ್ಕ್ರಿಪ್ಟಿನಲ್ಲಿ ತಪ್ಪೇನೂ ಇಲ್ಲ.

ಇಂಟರ್‌ನೆಟ್ ಇಲ್ಲದ ಲ್ಯಾಬ್‌ಗೆ, ಪೆನ್‌ಡ್ರೈವಿನಲ್ಲಿ ಒಯ್ಯುವ ಪುಟಕ್ಕೆ, ಎಸ್‌ವಿಜಿಯನ್ನು ಎಚ್‌ಟಿಎಮ್‌ಎಲ್ ಒಳಗೇ ಬರೆಯುವುದೊಂದೇ ಭದ್ರವಾದ ದಾರಿ. ಆಗ ಚಿತ್ರ ಮತ್ತು ಸ್ಕ್ರಿಪ್ಟ್ ಒಂದೇ ಡಾಕ್ಯುಮೆಂಟಿನಲ್ಲಿರುತ್ತವೆ, ಮೂಲದ ಪ್ರಶ್ನೆಯೇ ಏಳುವುದಿಲ್ಲ. 2011ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 4 ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 9 ಇದಕ್ಕೆ ಅವಕಾಶ ಕೊಟ್ಟವು, ಈಗ ಇದು ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿಯೂ ಸಾಧ್ಯ. ಅಂಟಿಸುವಾಗ ಎಸ್‌ವಿಜಿ ಕಡತದ ತಲೆಯಲ್ಲಿರುವ ಎಕ್ಸ್‌ಎಮ್‌ಎಲ್ ಘೋಷಣೆಯ ಸಾಲನ್ನೂ ಡಾಕ್‌ಟೈಪ್ ಸಾಲನ್ನೂ ತೆಗೆಯಿರಿ. ಎಚ್‌ಟಿಎಮ್‌ಎಲ್ ಪುಟದ ಸ್ವಂತ ಡಾಕ್‌ಟೈಪ್ ಮಾತ್ರ ಮೊದಲ ಸಾಲಿನಲ್ಲಿ ತಪ್ಪದೇ ಇರಲಿ.

ಒಂದೇ ಮನೆಗೆ ಬಂದ ಮೇಲೆ ಹೊಸ ಜಗಳಗಳು ಹುಟ್ಟುತ್ತವೆ. ನಿಮ್ಮ ಕಂದು ನೀರು ಅಂಥದ್ದು. ಕೋರೆಲ್‌ಡ್ರಾ ಎಸ್‌ವಿಜಿ ತಯಾರಿಸುವಾಗ ಬಣ್ಣಗಳಿಗೆ ಫಿಲ್0, ಫಿಲ್1, ಗೆರೆಗಳಿಗೆ ಎಸ್‌ಟಿಆರ್0 ಎಂದು ಕ್ಲಾಸ್ ಹೆಸರುಗಳನ್ನು ತಾನೇ ಇಟ್ಟು, ಅವುಗಳ ಅರ್ಥವನ್ನು ಒಳಗಿನ ಸ್ಟೈಲ್ ಟ್ಯಾಗ್‌ನಲ್ಲಿ ಬರೆಯುತ್ತದೆ. ಬೇರೆ ಬೇರೆ ಕಡತಗಳಾಗಿದ್ದಾಗ ಇದರಿಂದ ಬಾಧೆಯಿಲ್ಲ, ಆದರೆ ಎರಡನ್ನೂ ಒಂದೇ ಪುಟಕ್ಕೆ ಅಂಟಿಸಿದಾಗ ಸ್ಟೈಲ್ ಟ್ಯಾಗ್ ಇಡೀ ಪುಟಕ್ಕೆ ಅನ್ವಯಿಸುತ್ತದೆ. ಮಾಪಕದ ಫಿಲ್0 ಮತ್ತು ನಕ್ಷೆಯ ಫಿಲ್0 ಒಂದೇ ಹೆಸರಾಗಿ, ಪುಟದಲ್ಲಿ ನಂತರ ಬಂದ ನಿಯಮ ಗೆಲ್ಲುತ್ತದೆ. ಗ್ರೇಡಿಯಂಟ್, ಅಂದರೆ ಒಂದು ಬಣ್ಣ ಇನ್ನೊಂದಕ್ಕೆ ಕರಗುವ ತುಂಬು, ಬಳಸಿದ್ದರೆ ಐಡಿಗಳಲ್ಲಿಯೂ ಇದೇ ಗೊಂದಲ. ಅಲ್ಲಿ ಮೊದಲು ಬಂದ ಐಡಿ ಗೆಲ್ಲುತ್ತದೆ. ಆದ್ದರಿಂದ ಒಂದು ಚಿತ್ರದ ಕ್ಲಾಸ್ ಮತ್ತು ಐಡಿಗಳಿಗೆಲ್ಲ ನಕ್ಷೆ ಎಂಬ ಪೂರ್ವಪದ, ಇನ್ನೊಂದಕ್ಕೆ ಮಾಪಕ ಎಂಬ ಪೂರ್ವಪದ ಸೇರಿಸಿ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಗ್ರೇಡಿಯಂಟ್ ಇರುವ ಎಸ್‌ವಿಜಿಯನ್ನು ಡಿಸ್‌ಪ್ಲೇ ನನ್ ಎಂದು ಪೂರ್ತಿ ಮರೆಮಾಡಿದರೆ, ಅದನ್ನು ನೆಚ್ಚಿಕೊಂಡಿರುವ ಬೇರೆ ಚಿತ್ರಗಳ ಬಣ್ಣವೂ ಕೆಲವು ಬ್ರೌಸರ್‌ಗಳಲ್ಲಿ ಮಾಯವಾಗುತ್ತದೆ.

ನೀರು ತಲೆಕೆಳಗಾಗಿ ಇಳಿಯುವುದು ನಿರ್ದೇಶಾಂಕದ ವಿಷಯ. ಗಣಿತದ ಗ್ರಾಫ್ ಹಾಳೆಯಲ್ಲಿ ವೈ ಮೇಲಕ್ಕೆ ಬೆಳೆಯುತ್ತದೆ, ಎಸ್‌ವಿಜಿಯಲ್ಲಿ ಕೆಳಕ್ಕೆ ಬೆಳೆಯುತ್ತದೆ. ಆಯತದ ಎತ್ತರವನ್ನಷ್ಟೇ ಹೆಚ್ಚಿಸಿದರೆ ಅದರ ಮೇಲಂಚು ನಿಂತಲ್ಲೇ ನಿಂತು ಕೆಳಂಚು ಕೆಳಗಿಳಿಯುತ್ತದೆ. ವಾಣಿ ವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. ಒಂದು ಅಡಿಗೆ 2 ಅಳತೆ ಎಂದು ಇಟ್ಟುಕೊಂಡರೆ ಮಾಪಕದ ಒಟ್ಟು ಎತ್ತರ 260. ನೀರು 100 ಅಡಿ ಇದ್ದಾಗ ಆಯತದ ಎತ್ತರ 200 ಆಗಬೇಕು, ವೈ 260ರಲ್ಲಿ 200 ಕಳೆದು 60 ಆಗಬೇಕು. ಎರಡನ್ನೂ ಒಟ್ಟಿಗೇ ಬದಲಾಯಿಸಿದರೆ ನೀರು ತಳದಿಂದ ಏರುತ್ತದೆ. 1933ರ ನಂತರ 2022ರಲ್ಲಿ ಮತ್ತೆ ಆ ಜಲಾಶಯ ತುಂಬಿ ಕೋಡಿ ಹರಿದದ್ದನ್ನು ನಿಮ್ಮ ಮಕ್ಕಳಲ್ಲಿ ಹಲವರು ಕಣ್ಣಾರೆ ಕಂಡಿರಬಹುದು. ಆಗ ವೈ ಸೊನ್ನೆಗೆ ಮುಟ್ಟಿದಂತೆ ತೋರಿಸಿ, ಅವರಿಗೆ ಸಂಖ್ಯೆ ಮತ್ತು ಚಿತ್ರದ ಸಂಬಂಧ ತಾನಾಗಿ ತಿಳಿಯುತ್ತದೆ.

ಮಾಪಕದ ಅಡಿಗೆರೆಗಳನ್ನು ಸ್ಕ್ರಿಪ್ಟಿನಿಂದ ಹುಟ್ಟಿಸುವುದಾದರೆ ಕ್ರಿಯೇಟ್‌ಎಲಿಮೆಂಟ್ ಬಳಸಬೇಡಿ. ಅದು ಎಚ್‌ಟಿಎಮ್‌ಎಲ್ ಕುಲದ ಎಲಿಮೆಂಟನ್ನು ಹುಟ್ಟಿಸುತ್ತದೆ. ಡೆವಲಪರ್ ಸಾಧನದಲ್ಲಿ ನೋಡಿದರೆ ಲೈನ್ ಎಂಬ ಟ್ಯಾಗ್ ಇದ್ದೇ ಇರುತ್ತದೆ, ಪರದೆಯ ಮೇಲೆ ಮಾತ್ರ ಏನೂ ಕಾಣುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಕ್ರಿಯೇಟ್‌ಎಲಿಮೆಂಟ್‌ಎನ್‌ಎಸ್ ಬಳಸಿ, ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಗೊತ್ತುಪಡಿಸಿದ ಎಸ್‌ವಿಜಿ ನೇಮ್‌ಸ್ಪೇಸ್ ವಿಳಾಸವನ್ನು, ಅಂದರೆ ಎಲಿಮೆಂಟ್ ಎಸ್‌ವಿಜಿ ಕುಲದ್ದೆಂದು ಹೇಳುವ ಗುರುತನ್ನು, ಅದಕ್ಕೆ ಕೊಡಬೇಕು. ಹೊಸದಾಗಿ ಕಲಿಯುವವರು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವ ಜಾಗ ಇದು.

ಚಳ್ಳಕೆರೆ ನಕ್ಷೆಗಾರ, ಚಳ್ಳಕೆರೆ

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ರ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಹೇಳುತ್ತೇನೆ.

ಅದರಲ್ಲಿ ಎಸ್‌ವಿಜಿ ಎಲಿಮೆಂಟುಗಳಿಗೆ ಕ್ಲಾಸ್‌ಲಿಸ್ಟ್ ಇಲ್ಲ. ಕ್ಲಾಸ್‌ನೇಮ್‌ಗೆ ನೇರವಾಗಿ ಬೆಲೆ ಕೊಡಲು ಹೋದರೆ ಎಸ್‌ವಿಜಿಯಲ್ಲಿ ಅದು ಸರಳ ಪಠ್ಯವಲ್ಲದ ಕಾರಣ ಅದೂ ಆಗುವುದಿಲ್ಲ. ಸೆಟ್‌ಆಟ್ರಿಬ್ಯೂಟ್ ಮೂಲಕ ಕ್ಲಾಸ್ ಬದಲಾಯಿಸಿದರೆ ಎಲ್ಲೆಡೆಯೂ ನಡೆಯುತ್ತದೆ. ಜೆಕ್ವೆರಿ ಎಂಬ ಸಿದ್ಧ ಸ್ಕ್ರಿಪ್ಟ್ ಸಂಗ್ರಹವನ್ನು ಬಳಸುವವರಿಗೆ 2016ಕ್ಕೆ ಮೊದಲಿನ ಆವೃತ್ತಿಗಳಲ್ಲಿ ಆಡ್‌ಕ್ಲಾಸ್ ಎಸ್‌ವಿಜಿಯ ಮೇಲೆ ಕೆಲಸ ಮಾಡುವುದಿಲ್ಲವೆಂಬುದೂ ನೆನಪಿರಲಿ. ಇದೊಂದೇ ಆಗಿದ್ದರೆ ಸರಿಪಡಿಸಿ ಮುಂದೆ ಹೋಗಬಹುದಿತ್ತು. ಆದರೆ ಎಸ್‌ವಿಜಿಯೊಳಗೆ ಬರೆದ ಚಲನೆಯ ಟ್ಯಾಗ್‌ಗಳು ಅದರಲ್ಲಿ ಓಡುವುದಿಲ್ಲ, ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್‌ನ ಟ್ರಾನ್ಸ್‌ಫಾರ್ಮ್ (ತಿರುಗಿಸುವ, ಹಿಗ್ಗಿಸುವ ನಿಯಮ) ಎಸ್‌ವಿಜಿಯ ಆಕಾರಗಳಿಗೆ ಅನ್ವಯಿಸುವುದಿಲ್ಲ, ಅಕ್ಷರಗಳನ್ನು ಲಂಬವಾಗಿ ನಡುವಿಗೆ ತರುವ ಡಾಮಿನೆಂಟ್ ಬೇಸ್‌ಲೈನ್ ಇಲ್ಲ, ವ್ಯೂಬಾಕ್ಸ್, ಅಂದರೆ ಚಿತ್ರದ ಸ್ವಂತ ಅಳತೆಯ ಚೌಕಟ್ಟು, ಕೊಟ್ಟು ಅಗಲವನ್ನು ನೂರು ಪ್ರತಿಶತ ಎಂದರೆ ಎತ್ತರ 150 ಪಿಕ್ಸೆಲ್‌ಗೆ ಸಿಕ್ಕಿಬೀಳುತ್ತದೆ. ಪ್ರತಿಯೊಂದಕ್ಕೂ ಮದ್ದಿದೆ, ಆದರೆ ಆ ಮದ್ದುಗಳನ್ನೆಲ್ಲ ಸೇರಿಸಿದ ಮೇಲೆ ನಿಮ್ಮ ಸ್ಕ್ರಿಪ್ಟ್ ನಿಮಗೇ ಓದಲಾಗದಷ್ಟು ಬೆಳೆದಿರುತ್ತದೆ.

ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಆ ಬ್ರೌಸರ್‌ಗೆ ಬೆಂಬಲ ನಿಲ್ಲಿಸಿತು. ನಿಮ್ಮ ಯಂತ್ರಗಳು ವಿಂಡೋಸ್ 7ರವು ಎಂದಿದ್ದೀರಿ. ಫೈರ್‌ಫಾಕ್ಸ್‌ನ 115ನೆಯ ಇಎಸ್‌ಆರ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ವಿಂಡೋಸ್ 7ಕ್ಕೆ ಸಿಗುವ ಕೊನೆಯ ಸರಣಿ, ಕ್ರೋಮ್‌ನಲ್ಲಿ 109 ಕೊನೆಯದು. ಇಂಟರ್‌ನೆಟ್ ಇರುವ ಕಡೆ ಫೈರ್‌ಫಾಕ್ಸ್ 115ರ ಪೂರ್ತಿ ಅನುಸ್ಥಾಪನಾ ಕಡತವನ್ನು ಅದೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಎಲ್ಲ ಯಂತ್ರಗಳಿಗೂ ಹಾಕಿಬಿಡಿ. ಒಂದು ಮಧ್ಯಾಹ್ನದ ಕೆಲಸ. ಹಾಗೆ ಮಾಡಿದಾಗ ಹಳೆಯ 60ರಲ್ಲಿ ನಡೆಯುತ್ತಿದ್ದ ಆಬ್ಜೆಕ್ಟ್ ದಾರಿ ಲ್ಯಾಬ್‌ನಲ್ಲಿಯೂ ಮುಚ್ಚುತ್ತದೆ, ಆದ್ದರಿಂದ ಎಸ್‌ವಿಜಿಯನ್ನು ಪುಟದೊಳಗೆ ತರುವ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ.

ನಕ್ಷೆ ಬರೆಯುವವನಾಗಿ ಇನ್ನೊಂದು ಮಾತು. ಎಸ್‌ವಿಜಿಯಲ್ಲಿ ಕಡತದಲ್ಲಿ ನಂತರ ಬಂದ ಆಕಾರ ಮೊದಲು ಬಂದದ್ದರ ಮೇಲೆ ಕೂರುತ್ತದೆ. ಹೊಳಲ್ಕೆರೆಯ ಗಡಿಗೆರೆಯನ್ನು ದಪ್ಪ ಮಾಡಿ ಎತ್ತಿ ತೋರಿಸಲು ಹೋದರೆ, ಅದರ ನಂತರ ಬರೆದಿರುವ ಪಕ್ಕದ ತಾಲ್ಲೂಕು ಅರ್ಧ ಗೆರೆಯನ್ನು ನುಂಗಿಬಿಡುತ್ತದೆ. ತಾಲ್ಲೂಕನ್ನೇ ಎತ್ತಿ ಕೊನೆಗೆ ಸೇರಿಸುವ ಬದಲು, ಎಲ್ಲಕ್ಕೂ ಮೇಲೆ ಒಂದು ಖಾಲಿ ಪಾತ್ ಇಟ್ಟುಕೊಂಡು, ಆಯ್ಕೆಯಾದ ತಾಲ್ಲೂಕಿನ ಗೆರೆಯ ಆಕಾರವನ್ನು ಹೇಳುವ ಡಿ ಆಟ್ರಿಬ್ಯೂಟನ್ನು ಅದಕ್ಕೆ ನಕಲು ಮಾಡಿ. ಆ ಮೇಲಿನ ಪಾತ್‌ಗೂ, ತಾಲ್ಲೂಕಿನ ಹೆಸರಿನ ಅಕ್ಷರಗಳಿಗೂ ಪಾಯಿಂಟರ್ ಇವೆಂಟ್ಸ್ ನನ್ ಎಂದು ಕೊಡಿ. ಇಲ್ಲದಿದ್ದರೆ ಮಗು ಹೆಸರಿನ ಮೇಲೆಯೇ ಬೆರಳಿಟ್ಟಾಗ ಕ್ಲಿಕ್ ಹೆಸರಿಗೆ ತಗಲುತ್ತದೆ, ತಾಲ್ಲೂಕಿಗೆ ತಗಲುವುದಿಲ್ಲ.

ಲಿಪಿಯ ಒಕ್ಕಲು, ಹರಿಹರ

ಆರರಲ್ಲಿ ಮೂರು ತಾಲ್ಲೂಕುಗಳು ಮಾತ್ರ ಸ್ಪಂದಿಸುತ್ತಿಲ್ಲ ಎಂಬುದನ್ನು ಓದಿದಾಗಲೇ ಕಾರಣ ಹೊಳೆಯಿತು. ಹೊಸದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರು: ಮೂರರ ಮೊದಲ ಅಕ್ಷರದಲ್ಲಿಯೂ ಒ ಸ್ವರದ ಚಿಹ್ನೆ ಇದೆ. ಸ್ಪಂದಿಸುತ್ತಿರುವ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಇವುಗಳಲ್ಲಿ ಅದು ಎಲ್ಲಿಯೂ ಇಲ್ಲ.

ಯೂನಿಕೋಡ್‌ನಲ್ಲಿ ಹೊ ಎಂಬುದನ್ನು ಎರಡು ಬಗೆಯಲ್ಲಿ ಬರೆದಿಡಬಹುದು. ಹಕಾರದ ನಂತರ ಒತ್ವದ ಒಂದೇ ಸಂಕೇತ ಇಡುವುದು ಒಂದು ಬಗೆ. ಹಕಾರದ ನಂತರ ಎತ್ವದ ಸಂಕೇತ, ಆಮೇಲೆ ಊತ್ವದ ಸಂಕೇತ ಎಂದು ಎರಡನ್ನು ಇಡುವುದು ಇನ್ನೊಂದು ಬಗೆ. ಪರದೆಯ ಮೇಲೆ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ರೀತಿ ಕಾಣುತ್ತವೆ, ಯೂನಿಕೋಡ್ ನಿಯಮದ ಪ್ರಕಾರವೂ ಅವು ಸಮಾನ. ಆದರೆ ಗೆಟ್‌ಎಲಿಮೆಂಟ್‌ಬೈಐಡಿ ಆಗಲಿ, ಸ್ಕ್ರಿಪ್ಟಿನ ಸಮ ಚಿಹ್ನೆಯಾಗಲಿ ಸಮಾನತೆಯನ್ನು ನೋಡುವುದಿಲ್ಲ; ಸಂಕೇತಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತವೆ. ನಕ್ಷೆಯಲ್ಲಿರುವ ಹೆಸರು ಪರಿವರ್ತಕದಿಂದ ಬಂದದ್ದು, ಸ್ಕ್ರಿಪ್ಟಿನಲ್ಲಿರುವುದು ನೀವು ಕೀಲಿಮಣೆಯಲ್ಲಿ ಒತ್ತಿದ್ದು. ಒಂದು ಕಡೆ ಒಂದು ಸಂಕೇತ, ಇನ್ನೊಂದು ಕಡೆ ಎರಡು ಸಂಕೇತ ಇರಬೇಕು. ಎರಡೂ ಕಡೆಯ ಹೆಸರಿನ ಲೆಂತ್ ಬೆಲೆಯನ್ನು, ಅಂದರೆ ಅದರಲ್ಲಿರುವ ಸಂಕೇತಗಳ ಸಂಖ್ಯೆಯನ್ನು, ಕನ್ಸೋಲಿನಲ್ಲಿ ಮುದ್ರಿಸಿ ನೋಡಿ. ಹೊಳಲ್ಕೆರೆಗೆ ಒಂದು ಕಡೆ 9, ಇನ್ನೊಂದು ಕಡೆ 10 ಬಂದರೆ ನನ್ನ ಊಹೆ ಸರಿ. ನಾರ್ಮಲೈಸ್ ಎಂಬ ಕ್ರಿಯೆಗೆ ಎನ್‌ಎಫ್‌ಸಿ (ಸಂಕೇತಗಳನ್ನು ಕೂಡಿಸಿ ಬರೆಯುವ ರೂಪ) ಎಂದು ಹೇಳಿ ಎರಡನ್ನೂ ಒಂದೇ ರೂಪಕ್ಕೆ ತಂದರೆ ಹೋಲಿಕೆ ಸರಿಯಾಗುತ್ತದೆ. ಅದಕ್ಕಿಂತ ಒಳ್ಳೆಯದೆಂದರೆ ಐಡಿಗೆ ಟಿ1, ಟಿ2 ಎಂಬಂಥ ಸರಳ ಗುರುತು ಇಟ್ಟು, ಕನ್ನಡದ ಹೆಸರನ್ನು ಓದುವ ಕಣ್ಣಿಗಾಗಿ ಮಾತ್ರ ಇಟ್ಟುಕೊಳ್ಳುವುದು. ಇದೇ ತೊಂದರೆ ಏತ್ವ, ಓತ್ವ, ಐತ್ವ, ದೀರ್ಘ ಈತ್ವಗಳಿಗೂ ಉಂಟು.

ಅಕ್ಷರ ಅಕ್ಷರವಾಗಿ ಮೂಡಿಸುವ ವಿಷಯ. ಮೇಲೆ ಹೇಳಿದ 9 ಸಂಕೇತಗಳನ್ನು ನೀವು 9 ತುಂಡುಗಳಾಗಿ ಕತ್ತರಿಸಿ ಒಂದೊಂದನ್ನು ಬೇರೆ ಬೇರೆ ಟೆಕ್ಸ್ಟ್ ಎಲಿಮೆಂಟಿನಲ್ಲಿ ಇಟ್ಟಿದ್ದೀರಿ. ಆದರೆ ನಾವು ಉಚ್ಚರಿಸುವುದು ನಾಲ್ಕು ಅಕ್ಷರ: ಹೊ, ಳ, ಲ್ಕೆ, ರೆ. ವ್ಯಂಜನದಿಂದ ಬೇರ್ಪಟ್ಟ ಸ್ವರಚಿಹ್ನೆಗೆ ಕೂರಲು ನೆಲೆ ಇಲ್ಲದ್ದರಿಂದ ಬ್ರೌಸರ್ ಚುಕ್ಕೆಗಳ ವೃತ್ತವನ್ನು ಅದಕ್ಕೆ ಆಸರೆಯಾಗಿ ಕೊಡುತ್ತದೆ. ಇದು ಬ್ರೌಸರಿನ ದೋಷವಲ್ಲ. ಇಂಟ್ಲ್ ಸೆಗ್ಮೆಂಟರ್ ಎಂಬ ಸಾಧನ ಹೊಸ ಬ್ರೌಸರ್‌ಗಳಲ್ಲಿದೆ, ಸ್ವರಚಿಹ್ನೆಗಳನ್ನು ಅದು ಬಿಡಿಸುವುದಿಲ್ಲ, ಆದರೆ ಕನ್ನಡದ ಒತ್ತಕ್ಷರವನ್ನು ಲ್ ಮತ್ತು ಕೆ ಎಂದು ಎರಡಾಗಿ ಒಡೆಯುವ ಸಾಧ್ಯತೆ ಇದ್ದೇ ಇದೆ. ಆದ್ದರಿಂದ ಒಂದು ತುಂಡು ಅರ್ಧಾಕ್ಷರದಲ್ಲಿ ಮುಗಿದು ಮುಂದಿನದು ವ್ಯಂಜನದಿಂದ ಆರಂಭವಾದರೆ ಎರಡನ್ನೂ ಕೂಡಿಸುವ ನಿಯಮವನ್ನು ನೀವೇ ಬರೆದುಕೊಳ್ಳಿ. ಸಾಫ್ಟ್‌ವೇರ್ ಎಂಬಂಥ ಪದಗಳಲ್ಲಿ ಒತ್ತು ಬೇಡವೆಂದು ನಡುವೆ ಇಡುವ ಕಾಣದ ಬೇರ್ಪಡಕ ಇದ್ದರೆ ಮಾತ್ರ ಕೂಡಿಸಬಾರದು.

ನನಗೆ ಕೇಳಿದರೆ ಹೆಸರನ್ನು ಕತ್ತರಿಸುವುದೇ ಬೇಡ. ಹೆಸರನ್ನು ಇಡಿಯಾಗಿ ಒಂದೇ ಟೆಕ್ಸ್ಟ್ ಎಲಿಮೆಂಟಿನಲ್ಲಿ ಬರೆದು, ಅದರ ಮೇಲೆ ಒಂದು ಕ್ಲಿಪ್‌ಪಾತ್, ಅಂದರೆ ತನ್ನೊಳಗೆ ಬಂದದ್ದನ್ನು ಮಾತ್ರ ತೋರಿಸುವ ಕಿಟಕಿ, ಇಟ್ಟು, ಕ್ಲಿಪ್ಪಿನ ಆಯತದ ಅಗಲವನ್ನು ಸೊನ್ನೆಯಿಂದ ಪೂರ್ತಿಗೆ ಬೆಳೆಸಿ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಂತೆ ಎಡದಿಂದ ಬಲಕ್ಕೆ ಹೆಸರು ತೆರೆದುಕೊಳ್ಳುತ್ತದೆ, ಒಂದು ಒತ್ತೂ ಕದಲುವುದಿಲ್ಲ, ಎಲ್ಲ ಬ್ರೌಸರ್‌ಗಳಲ್ಲಿಯೂ ಒಂದೇ ರೀತಿ ಕಾಣುತ್ತದೆ.

ಕೆಲವರು ಇಂಥ ರಗಳೆಯೇ ಬೇಡವೆಂದು ಹೆಸರುಗಳನ್ನು ಗೆರೆಗಳಾಗಿ ಪರಿವರ್ತಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೆರೆಯಾದ ಹೆಸರನ್ನು ಹುಡುಕಲಾಗುವುದಿಲ್ಲ, ನಕಲು ಮಾಡಲಾಗುವುದಿಲ್ಲ, ಕಣ್ಣು ಕಾಣದ ಮಗುವಿಗೆ ಪರದೆ ಓದುವ ತಂತ್ರಾಂಶ ಅದನ್ನು ಓದಿ ಹೇಳುವುದಿಲ್ಲ. ಪ್ರತಿ ತಾಲ್ಲೂಕಿನ ಗುಂಪಿನೊಳಗೆ ಮೊದಲ ಎಲಿಮೆಂಟಾಗಿ ಟೈಟಲ್ ಟ್ಯಾಗ್ ಇಟ್ಟು ಹೆಸರು ಬರೆದರೆ ಅವರಿಗೂ ನಕ್ಷೆ ತಲುಪುತ್ತದೆ.

ಫಾಂಟ್ ಕಡೆಗೂ ಗಮನವಿರಲಿ. ವಿಂಡೋಸ್ 7ರಲ್ಲಿ ಕನ್ನಡಕ್ಕೆ ತುಂಗಾ ಸಿಗುತ್ತದೆ, ವಿಂಡೋಸ್ 8ರ ನಂತರ ನಿರ್ಮಲಾ ಯುಐ ಬಂದಿದೆ, ಮೊಬೈಲಿನಲ್ಲಿ ಬೇರೆಯೇ ಇರುತ್ತದೆ. ಒಂದೇ ಹೆಸರು ಒಂದೊಂದರಲ್ಲಿ ಒಂದೊಂದು ಅಗಲ. ಟೆಕ್ಸ್ಟ್ ಆಂಕರ್ ಮಿಡಲ್ ಎಂದು ಕೊಟ್ಟು ತಾಲ್ಲೂಕಿನ ನಡುವಿಗೆ ಹೊಂದಿಸಿದರೆ ಹೆಸರು ಎರಡೂ ಬದಿಗೆ ಸಮನಾಗಿ ಹಿಗ್ಗುತ್ತದೆ. ಎಸ್‌ವಿಜಿಯ ಪಠ್ಯ ತಾನಾಗಿ ಸಾಲು ಮುರಿಯುವುದಿಲ್ಲವಾದ್ದರಿಂದ ವಾಣಿ ವಿಲಾಸ ಸಾಗರದಂಥ ಉದ್ದ ಹೆಸರಿಗೆ ಎರಡು ಟಿಸ್ಪಾನ್ (ಪಠ್ಯದ ಒಂದು ತುಂಡನ್ನು ಹಿಡಿಯುವ ಟ್ಯಾಗ್) ಬೇಕು, ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆ ಪಟ್ಟಾದರೂ ಅಂತರ ಬೇಕು. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ.

ದುರ್ಗದ ಶಿಕ್ಷಕಿ, ಚಿತ್ರದುರ್ಗ

ಮೂವರಿಗೂ ಹೃದಯಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಮೊದಲು ಮಾಡಿದ ಕೆಲಸ ಲೆಂತ್ ಮುದ್ರಿಸಿ ನೋಡಿದ್ದು. ನಕ್ಷೆಯ ಹೊಳಲ್ಕೆರೆ 10, ನನ್ನ ಸ್ಕ್ರಿಪ್ಟಿನ ಹೊಳಲ್ಕೆರೆ 9. ಎರಡು ತಿಂಗಳಿಂದ ಕಣ್ಣೆದುರಿಗೇ ಇದ್ದ ವ್ಯತ್ಯಾಸವನ್ನು ಕಣ್ಣು ಕಾಣಲು ಸಾಧ್ಯವೇ ಇರಲಿಲ್ಲ ಎಂದು ತಿಳಿದು ಮನಸ್ಸು ಹಗುರಾಯಿತು. ಐಡಿಗಳನ್ನು ಟಿ1ರಿಂದ ಟಿ6ರವರೆಗೆ ಬದಲಾಯಿಸಿದೆ, ಆರೂ ತಾಲ್ಲೂಕುಗಳು ಈಗ ಸ್ಪಂದಿಸುತ್ತಿವೆ. ಕ್ಲಿಪ್‌ಪಾತ್ ಉಪಾಯವೂ ಫಲಿಸಿತು. ನೀರು ನೀಲಿಯಾಗಿದೆ, ತಳದಿಂದ ಏರುತ್ತದೆ. ಶನಿವಾರ ಲ್ಯಾಬ್‌ನ ಯಂತ್ರಗಳಿಗೆ ಫೈರ್‌ಫಾಕ್ಸ್ 115 ಹಾಕುತ್ತೇವೆ.

ಇನ್ನೊಂದು ಪ್ರಶ್ನೆಗೆ ಅವಕಾಶ ಕೊಡಿ. ಚಿತ್ರದುರ್ಗ ತಾಲ್ಲೂಕನ್ನು ಒತ್ತಿದಾಗ ಕೋಟೆಯ ರೇಖಾನಕ್ಷೆ ತೆರೆಯುತ್ತದೆ. ಅದರಲ್ಲಿ ಓಬವ್ವನ ಕಿಂಡಿ, ಅಕ್ಕ ತಂಗಿಯರ ಹೊಂಡ, ಏಕನಾಥೇಶ್ವರಿ ಗುಡಿ ಎಲ್ಲಿವೆ ಎಂದು ಮಕ್ಕಳೇ ಒತ್ತಿ ಗುರುತಿಸಬೇಕು, ಒತ್ತಿದ ಕಡೆ ಒಂದು ಕೆಂಪು ಚುಕ್ಕೆ ಮೂಡಬೇಕು. ಚುಕ್ಕೆ ಮೂಡುತ್ತದೆ, ಆದರೆ ಬೆರಳಿಟ್ಟ ಕಡೆ ಅಲ್ಲ. ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ಆಚೆ, ಮೊಬೈಲಿನಲ್ಲಿ ಬಹಳ ಆಚೆ. ಪುಟದ ಅಗಲಕ್ಕೂ ನಕ್ಷೆಯ ಅಗಲಕ್ಕೂ ಇರುವ ಅನುಪಾತದಿಂದ ಭಾಗಿಸಿ ನೋಡಿದೆ. ಅಡ್ಡಕ್ಕೆ ಸರಿಯಾಯಿತು, ಉದ್ದಕ್ಕೆ ಸರಿಯಾಗಲಿಲ್ಲ.

ಬೆಣ್ಣೆನಗರಿ ವೆಬ್, ದಾವಣಗೆರೆ

ಅಡ್ಡಕ್ಕೆ ಸರಿಯಾಗಿ ಉದ್ದಕ್ಕೆ ತಪ್ಪುತ್ತಿದೆ ಎಂದರೆ ನಿಮ್ಮ ನಕ್ಷೆಯ ಮೇಲೆ ಕೆಳಗೆ ಖಾಲಿ ಪಟ್ಟಿಗಳಿವೆ ಎಂದರ್ಥ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೋಟೆಯ ವ್ಯೂಬಾಕ್ಸ್ 800 ಅಗಲ, 600 ಎತ್ತರ ಇದೆ ಎನ್ನಿ. ಪುಟದಲ್ಲಿ ಅದಕ್ಕೆ 400 ಪಿಕ್ಸೆಲ್ ಅಗಲ, 400 ಪಿಕ್ಸೆಲ್ ಎತ್ತರದ ಚೌಕ ಕೊಟ್ಟಿದ್ದೀರಿ. ಚಿತ್ರದ ಆಕಾರ ಕೆಡಬಾರದೆಂದು ಬ್ರೌಸರ್ ಅದನ್ನು ಅರ್ಧಕ್ಕೆ ಕುಗ್ಗಿಸಿ 400ಕ್ಕೆ 300ರ ಚಿತ್ರವನ್ನಾಗಿ ಮಾಡಿ ಚೌಕದ ನಡುವೆ ಕೂರಿಸುತ್ತದೆ. ಮೇಲೆ 50, ಕೆಳಗೆ 50 ಪಿಕ್ಸೆಲ್ ಖಾಲಿ ಉಳಿಯುತ್ತದೆ. ಮಗು ಚಿತ್ರದ ಮೇಲಂಚಿನಲ್ಲಿ ಒತ್ತಿದರೆ ಚೌಕದ ಲೆಕ್ಕದಲ್ಲಿ ಅದು 50ನೆಯ ಪಿಕ್ಸೆಲ್, ಚಿತ್ರದ ಲೆಕ್ಕದಲ್ಲಿ ಸೊನ್ನೆ. ನೀವು ಅಗಲದ ಅನುಪಾತದಿಂದ ಲೆಕ್ಕ ಹಾಕಿದರೆ 100 ಎಂದು ಬರುತ್ತದೆ, ಎತ್ತರದ ಅನುಪಾತ ಹಿಡಿದರೂ 75 ಬರುತ್ತದೆ. ಯಾವುದೂ ಸರಿಯಲ್ಲ.

ಈ ಲೆಕ್ಕವನ್ನು ನೀವು ಮಾಡಲೇಬಾರದು. ಬ್ರೌಸರ್ ಬಳಿ ಅದು ಮೊದಲೇ ಇದೆ. ಎಸ್‌ವಿಜಿಯನ್ನು ಗೆಟ್‌ಸ್ಕ್ರೀನ್‌ಸಿಟಿಎಮ್ ಎಂದು ಕೇಳಿದರೆ ಚಿತ್ರದ ನಿರ್ದೇಶಾಂಕವನ್ನು ಪರದೆಯ ನಿರ್ದೇಶಾಂಕಕ್ಕೆ ಬದಲಾಯಿಸುವ ಮ್ಯಾಟ್ರಿಕ್ಸನ್ನು ಕೊಡುತ್ತದೆ. ನಮಗೆ ಬೇಕಾದದ್ದು ಅದರ ತಿರುವು, ಆದ್ದರಿಂದ ಇನ್ವರ್ಸ್ ತೆಗೆದುಕೊಳ್ಳಿ. ಕ್ರಿಯೇಟ್‌ಎಸ್‌ವಿಜಿಪಾಯಿಂಟ್‌ನಿಂದ ಒಂದು ಬಿಂದು ಮಾಡಿ, ಅದರ ಎಕ್ಸ್‌ಗೆ ಕ್ಲಿಕ್ಕಿನ ಕ್ಲೈಂಟ್‌ಎಕ್ಸ್, ವೈಗೆ ಕ್ಲೈಂಟ್‌ವೈ ಕೊಟ್ಟು, ಮ್ಯಾಟ್ರಿಕ್ಸ್‌ಟ್ರಾನ್ಸ್‌ಫಾರ್ಮ್ ಮೂಲಕ ಆ ಇನ್ವರ್ಸನ್ನು ಹಾಯಿಸಿ. ಬರುವ ಬಿಂದುವೇ ಚುಕ್ಕೆ ಇಡಬೇಕಾದ ಜಾಗ. ಪುಟವನ್ನು ಸರಿಸಿದ್ದರೂ, ಮೊಬೈಲನ್ನು ಅಡ್ಡ ತಿರುಗಿಸಿದ್ದರೂ ಇದು ಸರಿಯಾಗಿಯೇ ಇರುತ್ತದೆ, ಏಕೆಂದರೆ ಮ್ಯಾಟ್ರಿಕ್ಸನ್ನು ಪ್ರತಿ ಕ್ಲಿಕ್ಕಿಗೂ ಹೊಸದಾಗಿ ಕೇಳುತ್ತೀರಿ. ಅದನ್ನು ಆರಂಭದಲ್ಲಿ ಒಮ್ಮೆ ಪಡೆದು ಇಟ್ಟುಕೊಳ್ಳಬೇಡಿ. ಕೋಟೆಯ ಗೆರೆಗಳನ್ನು ಟ್ರಾನ್ಸ್‌ಫಾರ್ಮ್ ಇರುವ ಗುಂಪಿನೊಳಗೆ ಇಟ್ಟಿದ್ದು ಚುಕ್ಕೆಯನ್ನೂ ಅದೇ ಗುಂಪಿಗೆ ಸೇರಿಸುವುದಾದರೆ, ಮ್ಯಾಟ್ರಿಕ್ಸನ್ನು ಹೊರಗಿನ ಎಸ್‌ವಿಜಿಯ ಬದಲು ಆ ಗುಂಪನ್ನೇ ಕೇಳಬೇಕು.

ಎರಡನೆಯದಾಗಿ, ಮಕ್ಕಳ ಬೆರಳಿಗೆ ಓಬವ್ವನ ಕಿಂಡಿಯ ಗುರುತು ಬಹಳ ಚಿಕ್ಕದು. ಅದರ ಮೇಲೆ ಬಣ್ಣವಿಲ್ಲದ ದೊಡ್ಡ ವೃತ್ತವೊಂದನ್ನು ಇಡಿ. ಫಿಲ್ ನನ್ ಎಂದು ಬರೆದ ಆಕಾರದ ಒಳಭಾಗ ಸಾಮಾನ್ಯವಾಗಿ ಕ್ಲಿಕ್ಕನ್ನು ಹಿಡಿಯುವುದಿಲ್ಲ, ಅದರ ಗೆರೆ ಮಾತ್ರ ಹಿಡಿಯುತ್ತದೆ. ಪಾಯಿಂಟರ್ ಇವೆಂಟ್ಸ್ ಆಲ್ ಎಂದು ಕೊಟ್ಟರೆ ಒಳಭಾಗವೂ ಹಿಡಿಯುತ್ತದೆ. ಚುಕ್ಕೆಯನ್ನು ತಿರುಗಿಸುವ ಅಥವಾ ಹಿಗ್ಗಿಸುವ ಆಸೆಯಿದ್ದರೆ ಸಿಎಸ್‌ಎಸ್‌ನಲ್ಲಿ ಟ್ರಾನ್ಸ್‌ಫಾರ್ಮ್ ಬಾಕ್ಸ್ ಫಿಲ್ ಬಾಕ್ಸ್ ಎಂದೂ, ಮೂಲಬಿಂದು ಸೆಂಟರ್ ಎಂದೂ ಬರೆಯಿರಿ. ಇಲ್ಲದಿದ್ದರೆ ಎಸ್‌ವಿಜಿಯ ಆಕಾರ ತನ್ನ ನಡುವಿನ ಸುತ್ತ ತಿರುಗದೆ ಚಿತ್ರದ ಎಡ ಮೇಲಿನ ಮೂಲೆಯ ಸುತ್ತ ತಿರುಗಿ ಎಲ್ಲಿಗೋ ಹಾರಿಹೋಗುತ್ತದೆ.

ದುರ್ಗದ ಶಿಕ್ಷಕಿ, ಚಿತ್ರದುರ್ಗ

ಶನಿವಾರ ಲ್ಯಾಬ್‌ನಲ್ಲಿ ನಡೆಸಿ ನೋಡಿದೆವು. ಮ್ಯಾಟ್ರಿಕ್ಸ್ ಹಾಕಿದ ಮೇಲೆ ಚುಕ್ಕೆ ಬೆರಳಿನಡಿಯೇ ಮೂಡುತ್ತಿದೆ, ಮೊಬೈಲಿನಲ್ಲಿಯೂ ಕೂಡ. ಹನ್ನೊಂದು ಯಂತ್ರಗಳಲ್ಲಿ ಹತ್ತರಲ್ಲಿ ಎಲ್ಲವೂ ಸರಿ. ಒಂದು ಯಂತ್ರದಲ್ಲಿ ಮಾತ್ರ ಕನ್ನಡದ ಹೆಸರುಗಳು ಖಾಲಿ ಚೌಕಗಳಾಗಿ ಕಂಡವು. ಅದರಲ್ಲಿ ಯಾರೋ ತುಂಗಾ ಫಾಂಟನ್ನೇ ಅಳಿಸಿಬಿಟ್ಟಿದ್ದರು. ನೋಟೋ ಸಾನ್ಸ್ ಕನ್ನಡದ ಕಡತವನ್ನು ಪುಟದ ಜೊತೆಗೇ ಇಟ್ಟರೆ ಪೆನ್‌ಡ್ರೈವಿನಿಂದ ತೆರೆದಾಗ ಮತ್ತೆ ಮೂಲದ ನಿಯಮ ಅಡ್ಡ ಬರಬಹುದೆಂದು ಅನುಮಾನಿಸಿ, ಫಾಂಟನ್ನು ಬೇಸ್64 ಪಠ್ಯವಾಗಿ, ಅಂದರೆ ಇಡೀ ಕಡತವನ್ನು ಅಕ್ಷರಗಳ ಸಾಲಾಗಿ ಬದಲಾಯಿಸಿ, ಸ್ಟೈಲ್ ಟ್ಯಾಗ್‌ನೊಳಗೇ ಸೇರಿಸಿದೆ. ಕಡತ ದೊಡ್ಡದಾಯಿತು, ಆದರೆ ಆ ಹನ್ನೊಂದನೆಯ ಯಂತ್ರದಲ್ಲಿಯೂ ಈಗ ಮೊಳಕಾಲ್ಮೂರು ತನ್ನ ಒತ್ತಿನ ಸಮೇತ ಸರಿಯಾಗಿ ಕಾಣುತ್ತಿದೆ.